ನೆಗೆಣ್ಣಿಯ ಸಾಕ್ಷಿ

೧೯೫೫ರ ಜೂನ್ ತಿಂಗಳಲ್ಲಿ, ಮೊದಲ ಮಳೆ ಬಿದ್ದ ವಾರ, ಏಳು ವರ್ಷದ ಒಬ್ಬ ಹುಡುಗಿ ನಮ್ಮ ದವಾಖಾನೆಯ ಬಾಕಿನ, ಅಂದರೆ ಬೆಂಚಿನ, ಮೇಲೆ ಸಾವಿನ ಹತ್ತಿರ ಹೋಗಿ ಮರಳಿದಳು. ಅದಕ್ಕೆ ಕಾರಣ ಯಾವ ರೋಗವೂ ಅಲ್ಲ. ಸ್ವಲ್ಪ ಹೊತ್ತಿನ ಮುಂಚೆ ನಾನೇ ಅವಳ ತೋಳಿಗೆ ಚುಚ್ಚಿದ್ದ ಸಜ್ಜೆಯ ಹೂಪುಡಿಯ ಸಾರ.

ದವಾಖಾನೆ ಇದ್ದದ್ದು ಜತ್ತ ತಾಲೂಕಿನ ಮೂಡಣ ಭಾಗದಲ್ಲಿ, ಸಂಖದಿಂದ ಆಚೆಯ ಒಂದು ಹಳ್ಳಿಯಲ್ಲಿ. ನಾನು ಅಲ್ಲಿಯ ಡಾಕ್ಟರ್. ಸಜ್ಜೆಯ ಸಾರ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಹಿಂದಿನ ಶ್ರಾವಣಕ್ಕೆ ಹೋಗಬೇಕು.

ಆ ಶ್ರಾವಣದಲ್ಲಿ ನಗರದ ದೊಡ್ಡ ಆಸ್ಪತ್ರೆಯ ಒಬ್ಬ ಡಾಕ್ಟರ್ ಜೀಪಿನಲ್ಲಿ ನಮ್ಮಲ್ಲಿಗೆ ಬಂದ. ಅವನು ನನ್ನ ಸಹಪಾಠಿ. ವಿಲಾಯತಿಗೆ ಹೋಗಿ ಅಲರ್ಜಿಯ ವಿಷಯ ಕಲಿತು ಬಂದಿದ್ದ. ಕಾಲೇಜಿನಲ್ಲಿ ಅವನು ಪಾಸಾದದ್ದು ನನ್ನ ಟಿಪ್ಪಣಿಗಳನ್ನು ಓದಿ. ಇದು ನಿಜ. ಇದನ್ನು ಇಲ್ಲಿ ಬರೆಯಲು ಕಾರಣ ಹೊಟ್ಟೆಕಿಚ್ಚು ಎಂಬುದೂ ನಿಜ.

ಅವನು ಹೇಳಿದ್ದು ಇಷ್ಟು. ಕೆಲವು ಮಕ್ಕಳ ಮೈ ಹೂಪುಡಿಯಂಥ ನಿರುಪದ್ರವಿ ಧೂಳನ್ನು ವೈರಿಯೆಂದು ತಿಳಿಯುತ್ತದೆ. ಸೀನು ಬರುತ್ತದೆ, ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಇಂಥ ಮಕ್ಕಳಲ್ಲಿ ಕೆಲವರಿಗೆ ವರ್ಷಗಳು ಕಳೆದಂತೆ ತೊಂದರೆ ಮೂಗಿನಿಂದ ಎದೆಗಿಳಿದು ದಮ್ಮು ಆಗುತ್ತದೆ. ಅದೇ ಹೂಪುಡಿಯ ಸಾರವನ್ನು ಮೊದಲು ಅತಿ ಕಡಿಮೆ, ಆಮೇಲೆ ವಾರವಾರಕ್ಕೆ ತುಸು ಹೆಚ್ಚಾಗಿ ಚರ್ಮದ ಕೆಳಗೆ ಕೊಡುತ್ತ ಹೋದರೆ ಮೈಗೆ ಅದು ರೂಢಿಯಾಗಿ ಸೀನು ಕಡಿಮೆಯಾಗುತ್ತದೆ ಎಂಬುದು ಗೊತ್ತಿದ್ದ ಸಂಗತಿ. ತೊಂದರೆ ಇನ್ನೂ ಮೂಗಿನಲ್ಲಿರುವಾಗಲೇ ಕೊಟ್ಟರೆ ಮುಂದೆ ಬರಬಹುದಾದ ದಮ್ಮನ್ನೂ ತಡೆಯಬಹುದೇ? ಇದು ಅವನ ಪ್ರಶ್ನೆ. ಖಚಿತ ಉತ್ತರ ಆಗ ಅವನಲ್ಲೂ ಇರಲಿಲ್ಲ.

ಅವನಿಗೆ ಬೇಕಾದದ್ದು ಸಜ್ಜೆ ಹೆಚ್ಚು ಬೆಳೆಯುವ ಊರು, ಸಜ್ಜೆ ಹೂವಾದಾಗ ಸೀನುವ ಆದರೆ ಎದೆ ಸ್ವಚ್ಛವಾಗಿರುವ ಮಕ್ಕಳು, ತಪ್ಪದೆ ವಾರಕ್ಕೊಮ್ಮೆ ಸೂಜಿ ಹಾಕುವ ಡಾಕ್ಟರ್. ಎಲ್ಲಕ್ಕಿಂತ ಮೊದಲು ಹೂಪುಡಿ. ಅದನ್ನು ಕೂಡಿಸುವ ಕೆಲಸವೂ ನನಗೇ ಬಂತು.

ಗಾಳಿ ಏಳುವ ಮುಂಚೆ ಬೆಳಕು ಹರಿಯುವಾಗ ಹೊಲಕ್ಕೆ ಹೋಗಬೇಕು. ಹೂ ಕಟ್ಟಿದ ತೆನೆಯನ್ನು ನುಣುಪು ಕಾಗದದ ಮೇಲೆ ಬಗ್ಗಿಸಿ ಮೆಲ್ಲಗೆ ತಟ್ಟಬೇಕು. ಉದುರಿದ್ದನ್ನು ನೆರಳಿನಲ್ಲಿ ಒಣಗಿಸಿ, ತೆಳು ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಬೇರೆ ಕಸ ಸೇರಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಡಬ್ಬಿಗೆ ತುಂಬಬೇಕು. ಒಂದು ಮುಂಜಾನೆಯ ದುಡಿಮೆಗೆ ಅರ್ಧ ಚಮಚ ಸಿಕ್ಕರೆ ಹೆಚ್ಚು. ಹೊಲದ ಅಂಚಿನಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಕುರುಬ ಮುದುಕನೊಬ್ಬ ನಿಂತು ನೋಡಿ ನಕ್ಕ.

"ಡಾಕ್ಟರ್ರ, ಕಾಳ ಬಿಟ್ಟು ಧೂಳ ಸುಗ್ಗಿ ಮಾಡಾಕತ್ತೀರಲ್ಲ! ರಾಶಿಗೆ ಎಷ್ಟ ಚೀಲ ಆಗ್ತಾವ?"

"ಒಂದ ಡಬ್ಬಿ, ಅಜ್ಜಾ."

"ನಮ್ಮ ಹೊಲದ್ದೂ ಇದಕಿಂತ ಹೆಚ್ಚೇನ ಬರೂದಿಲ್ಲ ಬಿಡ್ರಿ."

ನಗರದಲ್ಲಿ ಆ ಪುಡಿಯನ್ನು ಈಥರಿನಲ್ಲಿ ತೊಳೆದು ಜಿಡ್ಡು ತೆಗೆದು, ಕಾರ್ಬಾಲಿಕ್ ಬೆರೆಸಿದ ಉಪ್ಪುನೀರಿನಲ್ಲಿ ನೆನೆಯಿಟ್ಟು, ರೋಗಾಣು ಉಳಿಯದಂತೆ ಸೋಸಿ, ಮೂರು ಬಲದ ಸಾರ ಮಾಡಿ ಬಾಟಲಿಗಳಲ್ಲಿ ಕಳಿಸಿದರು. ಬಾಟಲಿಗಳು ನೋಡಲು ಒಂದೇ ಥರ ಇದ್ದವು. ಕಂಪೌಂಡರನ ಕೈ ತಪ್ಪಬಾರದೆಂದು ನಾನು ಅವುಗಳ ಕೊರಳಿಗೆ ದಾರ ಕಟ್ಟಿದೆ: ಸೌಮ್ಯವಾದದ್ದಕ್ಕೆ ಬಿಳಿ, ನಡುವಿನದಕ್ಕೆ ಹಳದಿ, ತೀವ್ರವಾದದ್ದಕ್ಕೆ ಕೆಂಪು.

ಮಕ್ಕಳನ್ನು ಆರಿಸಲು ಮುಂಗೈ ಮೇಲೆ ಸಣ್ಣ ಗೀರು ಹಾಕಿ ಒಂದು ಹನಿ ಸಾರ ಇಡುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಗೀರಿಗೆ ಬರೀ ಉಪ್ಪುನೀರು. ಸಾರದ ಕಡೆ ತುರಿಸುವ ದದ್ದಿನಂಥ ಗಂಧೆ ಎದ್ದು ನೀರಿನ ಕಡೆ ಏಳದಿದ್ದರೆ ಆ ಮಗುವಿಗೆ ಸಜ್ಜೆ ಆಗದು ಎಂದರ್ಥ. ಹೀಗೆ ಆರಿಸಿದವರಲ್ಲಿ ಇಬ್ಬರು ಒಂದೇ ಮನೆಯವರು.

ಅದು ಶೈವರ ಮನೆ. ಒಕ್ಕಲುತನ, ಜೊತೆಗೆ ಕಿರಾಣಿ ಅಂಗಡಿ. ಅಣ್ಣತಮ್ಮಂದಿರು ಕೂಡಿ ಇದ್ದರು. ಅಣ್ಣನ ಹೆಂಡತಿಗೆ ಒಬ್ಬಳೇ ಮಗಳು. ತಮ್ಮನ ಹೆಂಡತಿಗೆ ಅದೇ ವಯಸ್ಸಿನ ಮಗ. ಮನೆಯ ಮುದುಕಿಗೆ, ಅಂದರೆ ಈ ಇಬ್ಬರು ಸೊಸೆಯರ ಅತ್ತೆಗೆ, ದಮ್ಮು. ಗೋಡೆಗೆ ಆನಿಕೊಂಡು ಕುಳಿತೇ ನಿದ್ದೆ ಮಾಡುವ ಹೆಂಗಸು. ಮೊಮ್ಮಕ್ಕಳನ್ನು ದವಾಖಾನೆಗೆ ಕಳಿಸಲು ಗಂಡಸರು ಅನುಮಾನಿಸಿದಾಗ ಒಪ್ಪಿಸಿದವಳು ಅವಳೇ.

"ನನಗೂ ಹಿಂಗ ಮೂಗಿನಿಂದನ ಚಾಲೂ ಆತ್ರಿ," ಎಂದಳು ನನಗೆ. ಒಂದೊಂದು ಮಾತಿಗೂ ಉಸಿರು ತಗೊಳ್ಳಬೇಕಿತ್ತು. "ಮೂಗಿಂದು ಎದಿಗಿಳೀತು. ಇಳದದ್ದು ಮತ್ತ ಏರಲಿಲ್ಲ. ಇವಕ್ಕ ಇಳೀಧಂಗ ಮಾಡ್ರಿ."

ಸಂಕ್ರಾಂತಿ ಕಳೆದ ಮೇಲೆ ಸೂಜಿ ಸುರುವಾಯಿತು. ವಾರಕ್ಕೊಮ್ಮೆ, ಸಂತೆಯ ದಿನ. ಚುಚ್ಚಿದ ಮೇಲೆ ಮಗು ಅರ್ಧ ತಾಸು ನನ್ನ ಕಣ್ಣೆದುರು ಬಾಕಿನ ಮೇಲೆ ಕೂಡಬೇಕು. ಮೈ ಒಮ್ಮೆಲೆ ಕೆರಳಿದರೆ ಜೀವ ಉಳಿಸುವ ಅಡ್ರಿನಲಿನ್ ತುಂಬಿದ ಸಿರಿಂಜು ಪಕ್ಕದಲ್ಲಿ ಸಿದ್ಧವಿರಬೇಕು. ಮುಂದಿನ ವಾರ ಡೋಸ್ ಏರಿಸುವ ಮೊದಲು, ಹಿಂದಿನ ಸೂಜಿಗೆ ತೋಳು ಎಷ್ಟು ಬಾತಿತ್ತು ಎಂದು ಕೇಳಬೇಕು. ಬಾವು ಸಣ್ಣದಿದ್ದರೆ ಏರಿಸುವುದು. ದೊಡ್ಡದಿದ್ದರೆ ಅಲ್ಲೇ ನಿಲ್ಲಿಸುವುದು ಅಥವಾ ಇಳಿಸುವುದು. ತೊಡಕಿದ್ದದ್ದು ಇಲ್ಲೇ. ಬಾವು ಎರಡು ದಿನದಲ್ಲಿ ಇಳಿದುಹೋಗುತ್ತಿತ್ತು. ಮರುದಿನ ಕರೆತಂದು ತೋರಿಸಿರಿ ಎಂದರೆ ಹೊಲದ ಕೆಲಸ, ಮನೆಗೆ ಬೀಗರು ಎಂದು ಯಾರೂ ಬರುತ್ತಿರಲಿಲ್ಲ. ವಾರದ ಮೇಲೆ ಬಂದ ತಾಯಿ ಏನು ಹೇಳುತ್ತಾಳೋ ಅದರ ಮೇಲೆ ನನ್ನ ಡೋಸ್.

ಮೊದಲ ಎಡವಟ್ಟು ಒಂದು ಮಾತಿನಿಂದ ಆಯಿತು. ಊರಿನವರಿಗೆ ಗೊತ್ತಿದ್ದ ಸೂಜಿ ಮೈಲಿಬೇನೆಯದು. ಅದಕ್ಕೆ 'ದೇವಿ ಹಾಕುವುದು' ಎನ್ನುತ್ತಿದ್ದರು. ಹಾಕಿದ ಜಾಗ ಬಾತು ಎದ್ದರೆ 'ದೇವಿ ಎದ್ದಳು', ಔಷಧ ಹತ್ತಿತು, ಮಗು ಪಾರಾಯಿತು. ಏಳದಿದ್ದರೆ ಮತ್ತೆ ಹಾಕಿಸಬೇಕು. ನಮ್ಮ ಸೂಜಿಯನ್ನೂ ಅವರು ಅದೇ ಲೆಕ್ಕದಲ್ಲಿ ಹಿಡಿದರು. ಹುಡುಗಿಯ ತೋಳು ಬಾತುಕೊಳ್ಳುತ್ತಿತ್ತು, ಹುಡುಗನದು ಬಾತುಕೊಳ್ಳುತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಕಿರಿಯ ಸೊಸೆಗೆ ತಡೆಯಲಾಗಲಿಲ್ಲ.

"ಡಾಕ್ಟರ್ರ, ಯಕ್ಕನ ಮಗಳಿಗೆ ದೇವಿ ಲಿಂಬಿಹಣ್ಣಿನಷ್ಟು ಎದ್ದಾಳ. ನನ್ನ ಮಗಂಗ ಕಡ್ಲಿಕಾಳಿನಷ್ಟೂ ಇಲ್ಲ. ಇವಗ ಔಷಧ ಹತ್ತೇ ಇಲ್ಲೇನ್ರಿ?"

ಹಿರಿಯ ಸೊಸೆ ಸೆರಗು ಸರಿಪಡಿಸಿಕೊಂಡಳು. "ಅದಕ್ಕೂ ದೈವ ಬೇಕ, ತಂಗಿ. ಎಲ್ಲಾ ನಿನ್ನ ಮಗಂಗ ಸಿಗಬೇಕಂದ್ರ ಹ್ಯಾಂಗ?"

ನಾನು ಇಬ್ಬರಿಗೂ ತಿಳಿಸಿ ಹೇಳಿದೆ. "ಇದು ದೇವಿ ಅಲ್ರವ್ವಾ. ಇದರಾಗ ಏಳಬಾರದು. ಬಾವು ಬಂದ್ರ ಮೈ ಇನ್ನೂ ಒಪ್ಪಿಲ್ಲ ಅಂತ ಅರ್ಥ. ಬಾವು ಬಂದವರಿಗೆ ನಾ ಡೋಸ್ ಏರಸೂದಿಲ್ಲ."

ಕಿರಿಯಳ ಮುಖ ಅರಳಿತು. ಹಿರಿಯಳು ಮಗಳ ತೋಳನ್ನು ಸೆರಗಿನಿಂದ ಮುಚ್ಚಿದಳು. ಒಂದು ತಪ್ಪು ತಿಳಿವಳಿಕೆ ತೆಗೆದೆನೆಂದು ನಾನು ಅಂದುಕೊಂಡೆ. ಅಂದಿನಿಂದ ಆ ಮನೆಯಲ್ಲಿ ಬಾವಿನ ಬೆಲೆ ತಿರುವುಮುರುವಾಯಿತು, ಅಷ್ಟೇ.

ಹುಡುಗನಿಗೆ ಹಳದಿ ದಾರದ ಬಾಟಲಿ ಬಂದ ವಾರ ಹುಡುಗಿ ಬಿಳಿ ದಾರದಲ್ಲೇ ಇದ್ದಳು. ಕಿರಿಯಳು ಸಂತೆಯಲ್ಲಿ ಬಳೆಗಾರತಿಯ ಮುಂದೆ ಕೂತು, "ನಮ್ಮವಗ ಹಳದಿ ದಾರ ಆತು," ಎಂದು ಹೇಳಿದ್ದಳಂತೆ. ಇದು ಕೇಳಿದ ಮಾತು. ನಾನು ಕಣ್ಣಾರೆ ಕಂಡದ್ದು ಮುಂದಿನ ವಾರ ಹಿರಿಯಳು ನನ್ನ ಮೇಜಿನ ಮುಂದೆ ನಿಂತದ್ದು.

"ಗಂಡ ಹುಡುಗ ಅಂತ ಅವಗ ಮುಂದ ಮುಂದ. ನನ್ನ ಮಗಳು ಹೆಣ್ಣು ಅಂತ ಬಿಳಿ ದಾರದಾಗ ಕುಂದರ್ಸೀರಿ. ಮನ್ಯಾಗ ಹಾಲು ಮೊದಲ ಅವಗ, ತುಪ್ಪ ಮೊದಲ ಅವಗ. ದವಾಖಾನ್ಯಾಗೂ ಅದೇ ನ್ಯಾಯ ಏನ್ರಿ?"

"ಹಂಗಲ್ಲ ತಾಯಿ. ಬಾವು ಇಳೀಲಿ, ಏರಸ್ತೀನಿ."

ಮುಂದಿನ ವಾರ ಕೇಳಿದೆ, "ಬಾವು?"

"ಇಲ್ರಿ."

"ಏನೂ ಇಲ್ಲ?"

"ಕೆಂಪ ಸೈತ ಆಗಿಲ್ರಿ."

ಅದರ ಮುಂದಿನ ವಾರವೂ ಹಾಗೆಯೇ. ಮೈ ಒಪ್ಪಿಕೊಂಡಿತೆಂದು ತಿಳಿದು ನಾನು ಏರಿಸುತ್ತ ಹೋದೆ. ಬೇಸಿಗೆ ಮುಗಿಯುವ ಹೊತ್ತಿಗೆ ಹುಡುಗಿ ಡೋಸಿನಲ್ಲಿ ಹುಡುಗನ ಸಮಕ್ಕೆ ಬಂದಿದ್ದಳು. ಮೊದಲ ಮಳೆ ಬಿದ್ದ ವಾರ ಇಬ್ಬರಿಗೂ ಒಂದೇ ದಿನ ಕೆಂಪು ದಾರದ ಬಾಟಲಿ ತೆರೆದೆ.

ಹುಡುಗನಿಗೆ ಏನೂ ಆಗಲಿಲ್ಲ. ಹುಡುಗಿ ಬಾಕಿನ ಮೇಲೆ ಕುಳಿತವಳು ಅಂಗೈ ತುರಿಸಿಕೊಳ್ಳತೊಡಗಿದಳು. ಅಂಗೈ ತುರಿಕೆ ಕೆಟ್ಟ ಸೂಚನೆ. ನಾನು ಏಳುವಷ್ಟರಲ್ಲಿ ಸಾಲುಸಾಲು ಸೀನಿದಳು. ಮುಖ ಕೆಂಪಾಗಿ, ಕೊರಳ ಸುತ್ತ ಗಂಧೆ ಎದ್ದು, ದನಿ ಒಡೆಯಿತು. "ಯವ್ವಾ, ಗಂಟಲ ಕಟ್ಟೇತಿ," ಎಂದಳು. ಸಾರ ಮೇಲೇರದಂತೆ ಚುಚ್ಚಿದ ಜಾಗದ ಮೇಲ್ಗಡೆ ರಬ್ಬರ್ ನಳಿಕೆ ಬಿಗಿದೆ. ಇನ್ನೊಂದು ತೋಳಿಗೆ ಅಡ್ರಿನಲಿನ್ ಕೊಟ್ಟೆ. ಮಲಗಿಸಿ ಕಾಲು ಎತ್ತರಿಸಲು ಕಂಪೌಂಡರನಿಗೆ ಹೇಳಿದೆ. ನಾಡಿ ದಾರದಂತೆ ಸಣ್ಣಗಾಗಿ ಬೆರಳಿಗೆ ಸಿಗದಾಯಿತು. ಎರಡನೆಯ ಸಲ ಅಡ್ರಿನಲಿನ್ ಕೊಟ್ಟೆ. ಎದೆಗೆ ಕಿವಿಯಿಟ್ಟಾಗ ಒಳಗೆ ಸಿಳ್ಳೆ ಕೇಳಿಸಿತು. ಯಾವುದು ಬರಬಾರದೆಂದು ಇಷ್ಟೆಲ್ಲ ಮಾಡಿದ್ದೆವೋ ಆ ಸದ್ದನ್ನು ಆ ಎದೆಯಲ್ಲಿ ಮೊದಲ ಸಲ ತಂದವನು ನಾನು.

ಸ್ವಲ್ಪ ಹೊತ್ತಿಗೆ ನಾಡಿ ತುಂಬಿಕೊಂಡಿತು. ಹುಡುಗಿ ಕಣ್ಣು ತೆರೆದು ನೀರು ಕೇಳಿದಳು. ಆಗ ತಾಯಿ ನೆಲಕ್ಕೆ ಕುಸಿದು ಹೇಳಿದಳು:

"ಬರ್ತಿತ್ರಿ ಬಾವು. ಹೋದ ವಾರ ಮೊಳಕೈ ತನಕ ಬಂದಿತ್ತು. ನಾ ಹೇಳಲಿಲ್ಲ. ಹೇಳಿದ್ರ ನೀವು ಹಿಂದ ಹಾಕ್ತಿದ್ರಿ. ಆಕಿ ನಗ್ತಿದ್ಳು."

ಕಿರಿಯಳು ಮಗನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ.

ವರದಿ ಕಳಿಸಿದ ಮೇಲೆ ನಗರದ ಡಾಕ್ಟರ್ ಜೀಪಿನಲ್ಲಿ ಬಂದ. ಹುಡುಗಿಯನ್ನು ಕೈಬಿಡು ಎಂದು ಮರಾಠಿಯಲ್ಲಿ ಹೇಳಿದ. ಅವಳ ಬದಲು ಇನ್ನೊಂದು ಮಗುವನ್ನು ಹುಡುಕು, ಇಂಥ ಒಂದು ಪ್ರಕರಣ ಇಡೀ ಕೆಲಸಕ್ಕೆ ಕಪ್ಪು ಬಳಿಯುತ್ತದೆ ಎಂದ. ಅವನ ಮಾತಿನಲ್ಲಿ ಅರ್ಧ ನ್ಯಾಯವಿತ್ತು. ಇಂಥ ಪ್ರತಿಕ್ರಿಯೆ ಬಂದ ಮಗುವಿಗೆ ಮತ್ತೆ ಚುಚ್ಚಲು ಯಾವ ಡಾಕ್ಟರನಾದರೂ ಅಂಜುತ್ತಾನೆ. ಆದರೆ ಅಷ್ಟು ತೀವ್ರವಾಗಿ ಸಜ್ಜೆಗೆ ಕೆರಳುವ ಹುಡುಗಿಗೇ ಮುಂದೆ ದಮ್ಮು ಬರುವ ಭಯ ಹೆಚ್ಚು ಎಂದು ನಾನು ಹೇಳಿದೆ. ತಪ್ಪಿದ್ದು ಔಷಧವಲ್ಲ, ಡೋಸ್ ಏರಿಸಿದ ರೀತಿ. ಬಿಳಿ ದಾರಕ್ಕೆ ಇಳಿಸಿ ಮೊದಲಿನಿಂದ ಸುರು ಮಾಡುತ್ತೇನೆ ಎಂದೆ.

ಹಾಗಾದರೆ ಅವಳ ಪಾಲಿನ ಸಾರ ಕಳಿಸುವುದಿಲ್ಲ ಎಂದ ಅವನು.

ಹಾಗಾದರೆ ಈ ಶ್ರಾವಣದಲ್ಲಿ ಹೂಪುಡಿಯೂ ಬರುವುದಿಲ್ಲ ಎಂದೆ ನಾನು.

ಅವನು ನನ್ನನ್ನು ನೋಡಿದ. ಅವನ ಜೀಪು, ಅವನ ಪ್ರಯೋಗಶಾಲೆ, ವಿಲಾಯತಿಯ ಹೊಲಿಗೆಯ ಅವನ ಕೋಟು ಎಲ್ಲ ಅಲ್ಲೇ ಇದ್ದವು. ನನ್ನ ಬಳಿ ಇದ್ದದ್ದು ಡಬ್ಬಿ ಒಂದೇ. ಆ ನಿರ್ಧಾರದಲ್ಲಿ ಹುಡುಗಿಯ ಹಿತ ಎಷ್ಟು, ಅವನ ಮೇಲಿನ ಮತ್ಸರ ಎಷ್ಟು ಎಂದು ಬೇರ್ಪಡಿಸಿ ಹೇಳಲು ನನ್ನಿಂದ ಇಂದಿಗೂ ಆಗದು. ಅವನು ಒಪ್ಪಿದ, ಹುಡುಗಿ ಇನ್ನು ನನ್ನ ಲೆಕ್ಕದಲ್ಲಿಲ್ಲ, ನಿನ್ನ ಜವಾಬ್ದಾರಿ ಎಂದು ಹೇಳಿ ಹೋದ.

ಆ ಮನೆಯವರು ಒಪ್ಪುವುದು ಉಳಿದಿತ್ತು. ಗಂಡಸರು ಬೇಡವೆಂದರು. ಮುದುಕಿ ಗೋಡೆಗೆ ಆನಿಕೊಂಡೇ, "ನನ್ನ ನೋಡ್ರಿ, ಆಮ್ಯಾಲ ಬ್ಯಾಡ ಅನ್ರಿ," ಎಂದಳು. ಅವರು ಒಪ್ಪಿದರು.

ಇನ್ನು ಮೇಲೆ ಬಾವಿನ ಸುದ್ದಿಯನ್ನು ತಾಯಿಯಿಂದ ಕೇಳಬಾರದೆಂದು ನಿಶ್ಚಯಿಸಿದೆ. ಯಾರಿಂದ ಕೇಳುವುದು? ಒಂದೇ ಮನೆಯಲ್ಲಿದ್ದು ಆ ತೋಳನ್ನು ದಿನವೂ ಕಣ್ಣಿಟ್ಟು ನೋಡುವವಳು, ಬಾವನ್ನು ಎಂದೂ ಮುಚ್ಚಿಡದವಳು ಒಬ್ಬಳೇ: ನೆಗೆಣ್ಣಿ, ಅಂದರೆ ಗಂಡನ ಸೋದರನ ಹೆಂಡತಿ. ಇಬ್ಬರನ್ನೂ ಕರೆಸಿ ಹೊಸ ಕಟ್ಟಳೆ ಹೇಳಿದೆ. ಹುಡುಗಿಯ ತೋಳಿನ ಸುದ್ದಿ ಕಿರಿಯಳು ಹೇಳಬೇಕು, ಹುಡುಗನ ತೋಳಿನ ಸುದ್ದಿ ಹಿರಿಯಳು. ತನ್ನ ಮಗುವಿನ ಬಗ್ಗೆ ಯಾರೂ ಬಾಯಿ ತೆರೆಯಬಾರದು.

ಮೊದಲ ವಾರವೇ ಇದರ ದೋಷ ತಿಳಿಯಿತು. ಹಿರಿಯಳು ಒಳಗೆ ಬರುತ್ತಲೇ ಸುರು ಮಾಡಿದಳು.

"ಆಕಿ ಮಗಂದ ಕೇಳ್ತೀರೇನ್ರಿ? ಬಾತೈತಿ ಅಂದ್ರ ಏನ ಬಾತೈತಿ! ಲಿಂಬಿಹಣ್ಣ ಅಲ್ರಿ, ತೆಂಗಿನಕಾಯಿ!"

"ತೆಂಗಿನಕಾಯಿ ಅಂತ!" ಎಂದು ಕಿರಿಯಳು ಹಣೆ ಬಡಿದುಕೊಂಡಳು. "ಹುಡುಗನ ತೋಳ ಅಷ್ಟ ದಪ್ಪ ಇಲ್ಲಲ್ಲ ಯಕ್ಕಾ! ನಿನ್ನ ಮಗಳದ ನಾ ಹೇಳ್ಲಿ? ಕುಂಬಳಕಾಯಿ, ಬರಕೋರಿ ಡಾಕ್ಟರ್ರ."

ಬಾವು ದೊಡ್ಡದೆಂದರೆ ಡೋಸ್ ಏರುವುದಿಲ್ಲ ಎಂಬುದನ್ನು ನಾನೇ ಕಲಿಸಿದ್ದೆ. ಈಗ ಇಬ್ಬರೂ ಒಬ್ಬರ ಮಗುವನ್ನು ಇನ್ನೊಬ್ಬರು ಹಿಂದೆ ಎಳೆಯತೊಡಗಿದರು. ಜೀವಕ್ಕೆ ಅಪಾಯವಿರಲಿಲ್ಲ, ಕೆಲಸವೂ ಸಾಗುತ್ತಿರಲಿಲ್ಲ. ಕಟ್ಟಳೆಗೆ ಇನ್ನೊಂದು ಗಂಟು ಹಾಕಿದೆ: ಬಾಯಿಮಾತು ಬೇಡ. ಸೂಜಿಯ ಮರುದಿನ ಮುಂಜಾನೆ ಹಿರಿಯಳು ಹುಡುಗನನ್ನು, ಕಿರಿಯಳು ಹುಡುಗಿಯನ್ನು ಕರೆತಂದು ತೋರಿಸಬೇಕು.

ತಾಯಂದಿರನ್ನು ಮರುದಿನ ಬರುವಂತೆ ಕೇಳಿ ನಾನು ಸೋತಿದ್ದೆ. ನೆಗೆಣ್ಣಿಯರು ಒಂದು ದಿನವೂ ತಪ್ಪಿಸಲಿಲ್ಲ. ಮಳೆ ಇರಲಿ, ರಾಶಿ ಇರಲಿ, ದವಾಖಾನೆಯ ಬಾಗಿಲು ತೆರೆಯುವ ಮುಂಚೆ ಇಬ್ಬರೂ ಎದುರು ಬದುರು ನಿಂತಿರುತ್ತಿದ್ದರು, ಒಬ್ಬಳು ಇನ್ನೊಬ್ಬಳ ಮಗುವಿನ ರಟ್ಟೆ ಹಿಡಿದು. ನಾನು ಅಳತೆಪಟ್ಟಿ ಇಟ್ಟು ಬಾವನ್ನು ಅಳೆಯುತ್ತಿದ್ದೆ. ಅಳತೆ ಕಡಿಮೆ ಬಂದರೆ ಕರೆತಂದವಳಿಗೆ ನಿರಾಸೆ. "ಇನ್ನೊಮ್ಮೆ ನೋಡ್ರಿ, ಮುಂಜಾನೆ ದೊಡ್ಡದಿತ್ತು," ಎನ್ನುತ್ತಿದ್ದರು. ಇನ್ನೊಮ್ಮೆ ಅಳೆದರೂ ಅಷ್ಟೇ ಇರುತ್ತಿತ್ತು.

ಹೀಗೆ ಹುಡುಗಿಯ ಡೋಸ್ ಅಂಗುಲ ಅಂಗುಲವಾಗಿ ಏರಿತು. ಹಳದಿ ದಾರಕ್ಕೆ ಬರಲು ಹುಡುಗನಿಗಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಎರಡು ಸಲ ಬಾವು ದೊಡ್ಡದಾಗಿ ಇಳಿಸಬೇಕಾಯಿತು. ಕೆಂಪು ದಾರದ ಬಾಟಲಿಯನ್ನು ಅವಳಿಗೆ ಎರಡನೆಯ ಸಲ ತೆರೆದದ್ದು ಮರುವರ್ಷ. ಆ ದಿನ ನಾನು ಅಡ್ರಿನಲಿನ್ ಸಿರಿಂಜನ್ನು ಕೈಯಲ್ಲೇ ಹಿಡಿದು ಅವಳೆದುರು ಕುಳಿತೆ. ಅವಳು ಅಂಗೈ ತುರಿಸಿಕೊಳ್ಳಲಿಲ್ಲ. ಅರ್ಧ ತಾಸು ಕಳೆದ ಮೇಲೆ, "ಹೋಗ್ಲ್ಯಾ?" ಎಂದಳು.

ಮೂರು ವರ್ಷ ಸೂಜಿ ನಡೆದು ೧೯೫೮ರ ಆರಂಭದಲ್ಲಿ ಮುಗಿಯಿತು. ಆ ಹೊತ್ತಿಗೆ ಇಬ್ಬರೂ ಪೂರ್ಣ ಡೋಸ್ ಮುಟ್ಟಿದ್ದರು. ಸಜ್ಜೆ ಹೂವಾದಾಗ ಇಬ್ಬರಿಗೂ ಸೀನು ಮೊದಲಿಗಿಂತ ಕಡಿಮೆ. ಇಬ್ಬರ ಎದೆಯೂ ಸ್ವಚ್ಛ. ನಗರದ ಡಾಕ್ಟರ್ ಸಮ್ಮೇಳನವೊಂದರಲ್ಲಿ ತನ್ನ ಪ್ರಬಂಧ ಓದಿದ. ಅದರ ಒಂದು ಪ್ರತಿ ನನಗೂ ಬಂತು. ಹುಡುಗಿ ಅದರಲ್ಲಿಲ್ಲ. ಊರಿನ ಹೆಸರಿಲ್ಲ. ನನ್ನ ಹೆಸರಿದೆಯೇ ಎಂದು ಎರಡು ಸಲ ಹುಡುಕಿದೆ. ಸಜ್ಜೆಯ ಹೆಸರು ಮಾತ್ರ ಇತ್ತು, ಲ್ಯಾಟಿನ್ನಿನಲ್ಲಿ.

ಅದೇ ಬೇಸಿಗೆಯಲ್ಲಿ ಆ ಮನೆ ಪಾಲಾಯಿತು. ಅಂಗಳದ ನಡುವೆ ಗೋಡೆ ಎದ್ದಿತು, ಹೊಲದ ನಡುವೆ ಬದುವು. ಅಣ್ಣನಿಗೆ ಪಡುವಣ ಪಟ್ಟಿ, ತಮ್ಮನಿಗೆ ಮೂಡಣ ಪಟ್ಟಿ. ಮುದುಕಿ ಆ ಮಳೆಗಾಲ ಹಿರಿಯ ಮಗನ ಪಾಲಿನ ಮನೆಯಲ್ಲಿ ತೀರಿಕೊಂಡಳು.

ಆ ವರ್ಷ ಸಜ್ಜೆ ಹೂವಾದಾಗ ಹುಡುಗನಿಗೆ ಮೊದಲ ಸಲ ಎದೆ ಕಟ್ಟಿತು. ಬೆನ್ನಿಗೆ ಕಿವಿಯಿಟ್ಟು ಕೇಳಿದೆ. ಸಿಳ್ಳೆ ಸ್ಪಷ್ಟವಾಗಿತ್ತು. ಎಫಿಡ್ರಿನ್ ಗುಳಿಗೆ ಕೊಟ್ಟೆ, ಇಳಿಯಿತು, ವಾರ ಬಿಟ್ಟು ಮತ್ತೆ ಬಂತು. ಹುಡುಗಿಗೆ ಏನೂ ಆಗಲಿಲ್ಲ. ಸೂಜಿ ಹಾಕದಿದ್ದರೆ ಇಬ್ಬರಿಗೂ ಬರುತ್ತಿತ್ತೋ, ಇಬ್ಬರಿಗೂ ಬರುತ್ತಿರಲಿಲ್ಲವೋ ಗೊತ್ತಿಲ್ಲ. ಇಬ್ಬರು ಮಕ್ಕಳಿಂದ ಏನೂ ಸಿದ್ಧವಾಗುವುದಿಲ್ಲ. ಇದನ್ನೇ ಕಿರಿಯಳಿಗೂ ಹೇಳಿದೆ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ.

"ನನ್ನ ಮಗನ ಪಾಲಿನ ಔಷಧ ಆಕಿ ಮಗಳಿಗೆ ಹೋತು. ಆಕೀನ ನೀವು ಕೈ ಬಿಡಲಿಲ್ಲ, ಎರಡೆರಡ ಸಲ ಕೆಂಪ ದಾರ ಕೊಟ್ರಿ. ನನ್ನ ಮಗಂಗ ಒಂದ ಸಲ."

"ಆಕಿಗೆ ಎರಡನೇ ಸಲ ಕೊಟ್ಟದ್ದು ಯಾಕಂತ ನಿನಗ ಗೊತ್ತೈತಲ್ಲ ತಾಯಿ. ಆಕೀನ ಕರಕೊಂಡು ಬರ್ತಿದ್ದಾಕಿ ನೀನ."

"ಹೌದ್ರಿ. ನಾನ ಕರಕೊಂಡು ಬಂದೆ. ಕೈ ಹಿಡದು ಕರಕೊಂಡು ಬಂದೆ," ಎಂದು ಎದ್ದು ಹೋದಳು.

ಈ ವರ್ಷ, ೧೯೫೯ರ ಮುಂಗಾರಿನಲ್ಲಿ, ಕಿರಿಯಳು ಗಂಡನಿಗೆ ಹೇಳಿ ತಮ್ಮ ಪಟ್ಟಿಯಲ್ಲಿ ಸಜ್ಜೆ ಬಿತ್ತದೆ ಶೇಂಗಾ ಹಾಕಿಸಿದಳು. ಹಿರಿಯಳ ಮನೆಗೆ ನಾನೇ ಹೋಗಿ, ಬದುವಿನ ಪಕ್ಕದ ಒಂದಿಷ್ಟು ಸಾಲಾದರೂ ಬೇರೆ ಬಿತ್ತಿರೆಂದು ಕೇಳಿದೆ. ಅವಳು ಬಿಸಿ ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು. "ಉಣ್ರಿ ಡಾಕ್ಟರ್ರ," ಎಂದಳು. "ನಮ್ಮ ಹೊಲ, ನಮ್ಮ ಸಜ್ಜಿ. ನನ್ನ ಮಗಳಿಗೆ ಆಗ್ತೈತಿ."

ಶೇಂಗಾ ಮೊಳಕಾಲುದ್ದ ಬಂದಿದೆ. ಬದುವಿನಾಚೆ ಹಿರಿಯಳ ಪಡುವಣ ಪಟ್ಟಿಯ ಸಜ್ಜೆ ಆಳೆತ್ತರ ಬೆಳೆದು ಈ ವಾರ ಹೂ ಕಟ್ಟಿದೆ. ಗಾಳಿ ಪಡುವಣದಿಂದ ಬೀಸುತ್ತಿದೆ.